ಏಳು ವಾರ ಬ್ಯಾಗು, ಎರಡು ವರ್ಷ ಕೈಯಾರೆ ಪೈಪು

ನನಗೆ 67 ವರ್ಷ, ಶುಗರ್ ಬಂದು ಇಪ್ಪತ್ತು ವರ್ಷ ದಾಟಿತು. ಎರಡು ವರ್ಷಕ್ಕಿಂತ ಸ್ವಲ್ಪ ಹಿಂದೆ ಪಂಚೆ ಸದಾ ಒದ್ದೆಯಾಗತೊಡಗಿತು. ಕೆಮ್ಮಿದರೆ ಹನಿ, ಬಗ್ಗಿದರೆ ಹನಿ, ಬೆಳಗ್ಗೆ ಎದ್ದರೆ ಹಾಸಿಗೆ ತೇವ. ಒಂದಕ್ಕೆ ಹೋಗಿ ನಿಂತರೆ ಮಾತ್ರ ಧಾರೆ ಬರುತ್ತಿರಲಿಲ್ಲ. ಹತ್ತಿರದ ಕ್ಲಿನಿಕ್ಕಿನಲ್ಲಿ ‘ತಡೆಯೋಕೆ ಆಗ್ತಿಲ್ಲ’ ಎಂದೆ. ಮೂತ್ರಕೋಶ ಹಿಂಡುವುದನ್ನು ತಗ್ಗಿಸುವ ಮಾತ್ರೆ ಕೊಟ್ಟರು. ಹತ್ತು ದಿನದಲ್ಲಿ ಸೋರಿಕೆ ಇನ್ನೂ ಜಾಸ್ತಿಯಾಯಿತು.

ಆಮೇಲೆ ಯೂರಾಲಜಿಸ್ಟ್, ಅಂದರೆ ಮೂತ್ರದ ತೊಂದರೆ ನೋಡುವ ಡಾಕ್ಟರ್ ಹತ್ತಿರ ಹೋದೆ. ಒಂದಕ್ಕೆ ಹೋಗಿ ಬಂದ ಮೇಲೆ ಸ್ಕ್ಯಾನ್ ಮಾಡಿದರೆ ಒಳಗೆ ಇನ್ನೂ 850 ಎಂ.ಎಲ್. ಇತ್ತು. 400-500 ತುಂಬುವಷ್ಟರಲ್ಲೇ ಯಾರಿಗಾದರೂ ಜೋರಾಗಿ ಅವಸರವಾಗಬೇಕು. ನನಗೆ ಗೊತ್ತೇ ಆಗುತ್ತಿರಲಿಲ್ಲ. ‘ಇದು ತಡೆಯದ ತೊಂದರೆ ಅಲ್ಲ ಸರ್, ಖಾಲಿಯಾಗದ ತೊಂದರೆ’ ಎಂದರು. ಕೆರೆ ತುಂಬಿ ಕೋಡಿ ಹರಿಯುತ್ತದಲ್ವಾ, ಹಾಗೆ. ತುಂಬಾ ಗಂಡಸರಿಗೆ ಮೂತ್ರಕೋಶದ ಕೆಳಗಿನ ಪ್ರಾಸ್ಟೇಟ್ ಗ್ರಂಥಿ ಊದಿ ತೂಬು ಕಟ್ಟಿಕೊಳ್ಳುತ್ತದೆ. ನನ್ನಂಥವರಿಗೆ ಸಕ್ಕರೆಯಿಂದ ನರ ಸೋತು ಮೂತ್ರಕೋಶಕ್ಕೆ ಹಿಂಡುವ ಶಕ್ತಿಯೇ ಇರುವುದಿಲ್ಲ. ಬೆನ್ನುಹುರಿಗೆ ಪೆಟ್ಟು ಬಿದ್ದರೂ, ಹೆಂಗಸರಿಗೆ ಗರ್ಭಕೋಶ ಜಾರಿದರೂ ಹೀಗಾಗಬಹುದು. ಮಲಬದ್ಧತೆ, ಕೆಲವು ನೆಗಡಿ ಮಾತ್ರೆ ಸಹ ಇದನ್ನು ಹೆಚ್ಚಿಸುತ್ತವೆ.

ತೂಬು ಸಡಿಲಿಸುವ ಟ್ಯಾಮ್ಸುಲೋಸಿನ್ ಮಾತ್ರೆ 0.4 ಮಿ.ಗ್ರಾಂ. ಒಂದು ತಿಂಗಳು ನುಂಗಿದೆ. ಪ್ರಾಸ್ಟೇಟ್ ಊದಿದವರಿಗೆ ಅದು ಒಳ್ಳೆಯ ಮಾತ್ರೆ. ನನಗೆ ಎದ್ದು ನಿಂತರೆ ತಲೆ ಸುತ್ತುತ್ತಿತ್ತು, ಒಳಗೆ ಉಳಿಯುವುದು ಕಡಿಮೆಯಾಗಲಿಲ್ಲ. ಪ್ರಾಸ್ಟೇಟ್ ಕೆರೆಯುವ ಆಪರೇಷನ್ನಿನಿಂದಲೂ ನನಗೆ ಉಪಯೋಗ ಕಡಿಮೆ ಎಂದರು.

ಉಳಿದದ್ದು ಎರಡೇ ದಾರಿ. ಮೊದಲು ಮೂತ್ರದ ದಾರಿಯಲ್ಲಿ ಹಾಕಿ ಒಳಗೇ ಬಿಡುವ ಪೈಪು, ಅಂದರೆ ಫೋಲಿ ಕ್ಯಾಥೆಟರ್. ಅದರ ತುದಿಯಲ್ಲಿ ನೀರು ತುಂಬಿದ ಪುಟ್ಟ ಬಲೂನು ಇರುತ್ತದೆ, ಜಾರದ ಹಾಗೆ ಹಿಡಿಯುತ್ತದೆ. ಕಲಿಯುವುದು ಏನೂ ಇಲ್ಲ, ರಾತ್ರಿ ನಿದ್ದೆ ಬಂತು. ನನ್ನ ಕಿಡ್ನಿ ಊದಿಕೊಂಡಿತ್ತು, ಕ್ರಿಯಾಟಿನಿನ್ (ಕಿಡ್ನಿ ಸೋತರೆ ರಕ್ತದಲ್ಲಿ ಏರುವ ಅಂಶ) ಇಳಿದದ್ದು ಈ ಏಳು ವಾರದಲ್ಲೇ. ಆ ಉಪಕಾರ ಮರೆಯಲಾರೆ. ಆದರೆ ಪೈಪಿನಿಂದ ಮೂತ್ರ ಇಳಿಯುವ ಬ್ಯಾಗನ್ನು ಸದಾ ಸೊಂಟಕ್ಕಿಂತ ಕೆಳಗೇ ಇಡಬೇಕು. ತಂಗಿ ಮಗಳ ಮದುವೆಯಲ್ಲಿ ಪಂಚೆಯೊಳಗೆ ಅದನ್ನು ಕಟ್ಟಿಕೊಂಡು, ಊಟಕ್ಕೂ ಕೂರದೆ ಮೂಲೆಯ ಕುರ್ಚಿಯಲ್ಲಿದ್ದೆ. ಆರನೇ ವಾರ ಚಳಿಜ್ವರ ಬಂತು, ಸೋಂಕು.

ಎರಡನೆಯದು ನಾವೇ ದಿನಕ್ಕೆ ನಾಲ್ಕೈದು ಸಲ ಪೈಪು ಹಾಕಿ, ಖಾಲಿ ಮಾಡಿ, ತೆಗೆಯುವುದು. ಕೇಳಿದಾಗ ಎದೆ ನಡುಗಿತು. ನರ್ಸಮ್ಮ ಪಕ್ಕದಲ್ಲಿ ನಿಂತು ಕಲಿಸಿದರು. ಸೋಪಿನಲ್ಲಿ ಕೈ ತೊಳೆದು, 14 ನಂಬರಿನ ಪೈಪಿಗೆ ಜೆಲ್ ಸವರಿ, ಮೆಲ್ಲಗೆ ಒಳಗೆ ಬಿಡಬೇಕು. ಪ್ರಾಸ್ಟೇಟ್ ಹತ್ತಿರ ತಡೆಯುತ್ತದೆ. ಅಲ್ಲಿ ಒತ್ತಬಾರದು, ಉಸಿರು ಎಳೆದು ಸಡಿಲ ಬಿಟ್ಟರೆ ತಾನೇ ಹೋಗುತ್ತದೆ. ಮೊದಲ ದಿನ ಇಪ್ಪತ್ತು ನಿಮಿಷ ಹಿಡಿಯಿತು, ಈಗ ಐದು ಸಾಕು. ಸೋಂಕಿನ ಭಯ ನನಗೂ ಇತ್ತು. ಆದರೆ ಅಮೆರಿಕದ ಮಿಶಿಗನ್‌ನಲ್ಲಿದ್ದ ಡಾಕ್ಟರ್ ಜ್ಯಾಕ್ ಲ್ಯಾಪಿಡಿಸ್ 1972ರಲ್ಲೇ ಇದಕ್ಕೆ ಆಪರೇಷನ್ ಥಿಯೇಟರಿನ ಶುದ್ಧಿ ಬೇಡ, ಶುಚಿಯಾದ ಕೈ ಸಾಕು ಎಂದು ತೋರಿಸಿದರು. ಮೂತ್ರಕೋಶ ತುಂಬಿ ಹಿಗ್ಗಿಯೇ ಇರುವುದು ಹೆಚ್ಚು ಅಪಾಯ ಎಂಬುದು ಅವರ ವಾದ. ಹೀಗೆ ಮಾಡತೊಡಗಿದ ಎರಡು ವರ್ಷದಲ್ಲಿ ನನಗೆ ಸೋಂಕು ಬಂದದ್ದು ಒಂದೇ ಸಲ.

ಪೈಪಿನ ಖರ್ಚು ತಿಂಗಳು ತಿಂಗಳು ಬರುತ್ತದೆ, ಅದು ನಿಜ. ಕೈ ನಡುಗುವವರಿಗೆ, ಕಣ್ಣು ಕಾಣದವರಿಗೆ, ಹಾಕಿಕೊಡುವವರು ಯಾರೂ ಇಲ್ಲದವರಿಗೆ ಒಳಗಿರುವ ಪೈಪೇ ವಾಸಿ. ಕೈ ಗಟ್ಟಿಯಿದ್ದವರು ಮಾತ್ರ ಇದನ್ನು ಕಲಿಯದೆ ಬ್ಯಾಗಿಗೆ ಒಪ್ಪಿಕೊಳ್ಳಬೇಡಿ. ಡಾಕ್ಟರು ತಾವಾಗಿ ಹೇಳದಿದ್ದರೆ ನೀವೇ ಕೇಳಿ.

ಹೋದ ವಾರ ಧರ್ಮಸ್ಥಳಕ್ಕೆ ಹೋಗಿದ್ದೆ. ಹೆಗಲ ಚೀಲದಲ್ಲಿ ಮೂರು ಪೈಪು, ಜೆಲ್, ಸೋಪು. ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಒಂದು ಸಲ ಇಳಿದು ಮುಗಿಸಿದೆ, 350 ಎಂ.ಎಲ್. ಸಂಜೆ ಪಂಕ್ತಿಯಲ್ಲಿ ಎಲ್ಲರ ಜೊತೆ ಕೂತು ಊಟ ಮಾಡಿದೆ. ಪಂಚೆ ಒಣಗಿಯೇ ಇತ್ತು.