ಒಂದೇ ಪೈಪು, ಎರಡು ಸಿಗ್ನಲ್: ಕರಾವಳಿಯ ಮನೆಗೆ ಆಂಟೆನಾ–ಡಿಶ್ ಜೋಡಣೆ

ಮಂಗಳೂರು, ಉಡುಪಿಯ ಹಳೆಯ ಮನೆಗಳಲ್ಲಿ ಟಿವಿ ಆಂಟೆನಾಕ್ಕೆಂದು ಗೋಡೆಯೊಳಗೆ ಹೂತಿಟ್ಟ ಪೈಪು ಸಾಮಾನ್ಯವಾಗಿ ಒಂದೇ. ಆಯಕಟ್ಟಿನ ಕೆಲವು ಜಾಗ ಬಿಟ್ಟರೆ ದೂರದರ್ಶನದ ಅನಲಾಗ್ ಭೂಪ್ರಸಾರ 2022ರ ಹೊತ್ತಿಗೆ ನಿಂತುಹೋಯಿತು. ಹಾಗಾಗಿ ಮಾಡಿನ ಮೇಲಿನ ಹಳೆಯ ಆಂಟೆನಾದಿಂದ ಟಿವಿಗೆ ಈಗ ಪ್ರಯೋಜನವಿಲ್ಲ. ಆದರೆ ಅದರ ಕಂಬ ಗಟ್ಟಿಯಿದ್ದರೆ ಅಲ್ಲಿ ಎಫ್‌ಎಂ ಡೈಪೋಲ್ (ಎರಡು ಕಡ್ಡಿಯ ಸರಳ ಆಂಟೆನಾ) ಕಟ್ಟಿ ಆಕಾಶವಾಣಿ ಮಂಗಳೂರಿನ 100.3 ಮೆಗಾಹರ್ಟ್ಸನ್ನು ಒಳಕೋಣೆಯಲ್ಲೂ ಸ್ವಚ್ಛವಾಗಿ ಕೇಳಬಹುದು. ಡೈಪೋಲಿನ ಒಟ್ಟು ಉದ್ದ ಸುಮಾರು 1.42 ಮೀಟರ್ ಇರಲಿ. ಟಿವಿ ಬ್ಯಾಂಡಿಗೆ ಮಾಡಿದ ಹಳೆಯ ಆಂಟೆನಾ ಎಫ್‌ಎಂ ಅನ್ನು ಅರೆಬರೆ ಹಿಡಿಯುತ್ತದೆ, ಅದನ್ನೇ ನೆಚ್ಚಿಕೊಳ್ಳಬೇಡಿ.

ಪೈಪಿನಲ್ಲಿ ಡಿಶ್ ಕೇಬಲ್ ಆಗಲೇ ಇದೆ, ಆಂಟೆನಾದ್ದನ್ನು ಹೇಗೆ ಕೆಳಗಿಳಿಸುವುದು? ಬೇರೆ ಬೇರೆ ಕೇಬಲ್, ಎರಡು ಸಿಗ್ನಲನ್ನು ಒಂದೇ ಕೇಬಲಿನಲ್ಲಿ ಕೂಡಿಸಿ ಬೇರ್ಪಡಿಸುವ ಡೈಪ್ಲೆಕ್ಸರ್, ಒಂದು ಕೇಬಲನ್ನು ಕವಲಾಗಿಸುವ ಸಾಮಾನ್ಯ ಸ್ಪ್ಲಿಟರ್ – ಮೂರನ್ನೂ ಕಟ್ಟಿ ನೋಡಿದರೆ ವ್ಯತ್ಯಾಸ ಕಾಣುವುದು ಅಳವಡಿಸಿದ ದಿನವಲ್ಲ, ಮಳೆಗಾಲ ಕಳೆದ ಮೇಲೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಮಳೆ ಸುರಿಯುವ, ಉಪ್ಪುಗಾಳಿ ಬೀಸುವ ಊರಿನಲ್ಲಿ ಹೊರಗೆ ಎಷ್ಟು ಕನೆಕ್ಟರ್ ತೆರೆದಿವೆ ಎಂಬುದನ್ನೇ ಮೊದಲು ಎಣಿಸಬೇಕು.

ಸ್ಪ್ಲಿಟರ್ ಎಲ್ಲಕ್ಕಿಂತ ಅಗ್ಗ, ಆದರೆ ಈ ಕೆಲಸಕ್ಕೆ ಆಗುವುದೇ ಇಲ್ಲ. ಕೇಬಲ್ ಟಿವಿಯವರು ಹಾಕುವ ಸ್ಪ್ಲಿಟರಿನ ಮೇಲೆ 5–1000 ಮೆಗಾಹರ್ಟ್ಸ್ ಎಂದು ಬರೆದಿರುತ್ತದೆ. ಡಿಶ್ಶಿನ ಮುಂದೆ ಕೂತು ಉಪಗ್ರಹದ ಸಿಗ್ನಲನ್ನು ಕಡಿಮೆ ಆವರ್ತನಕ್ಕೆ ಇಳಿಸುವ ಎಲ್‌ಎನ್‌ಬಿಯಿಂದ ಕೇಬಲಿಗೆ ಬರುವ ಸಿಗ್ನಲ್ 950ರಿಂದ 2150 ಮೆಗಾಹರ್ಟ್ಸ್‌ನಲ್ಲಿ ಇರುತ್ತದೆ. ಡಿಡಿ ಫ್ರೀ ಡಿಶ್‌ನ 11090 ಮೆಗಾಹರ್ಟ್ಸನ್ನೇ ತೆಗೆದುಕೊಳ್ಳಿ: ಎಲ್‌ಎನ್‌ಬಿಯೊಳಗೆ 9750 ಕಳೆದು ಕೇಬಲಿಗೆ ಬರುವುದು 1340. ಅದು ಸ್ಪ್ಲಿಟರಿನ ಮಿತಿಯ ಆಚೆಗಾಯಿತು. ಇನ್ನೊಂದು ತೊಂದರೆ ವಿದ್ಯುತ್ತಿನದು. ಸೆಟ್‌ಟಾಪ್ ಬಾಕ್ಸ್ ಅದೇ ಕೇಬಲಿನಲ್ಲಿ ಎಲ್‌ಎನ್‌ಬಿಗೆ 13 ಅಥವಾ 18 ವೋಲ್ಟ್ ಕಳಿಸುತ್ತದೆ. ಸ್ಪ್ಲಿಟರ್ ಅದನ್ನು ತಡೆದರೆ ಎಲ್‌ಎನ್‌ಬಿ ಸತ್ತಂತೆ. ಎರಡೂ ಕಡೆ ವಿದ್ಯುತ್ ಬಿಟ್ಟರೆ ಆಂಟೆನಾದ ಬಾಲನ್ (ಆಂಟೆನಾವನ್ನು ಕೇಬಲಿಗೆ ಹೊಂದಿಸುವ ಸುರುಳಿ) ಈ ಡಿಸಿ ವಿದ್ಯುತ್ತಿಗೆ ನೇರ ಶಾರ್ಟ್ ಆಗಿ ಕಾಣುತ್ತದೆ. ಆಗ ಬಾಕ್ಸ್ ಎಲ್‌ಎನ್‌ಬಿ ಶಾರ್ಟ್ ಎನ್ನುತ್ತದೆ, ಇಲ್ಲವೇ ಸಿಗ್ನಲ್ ಸೊನ್ನೆ ತೋರಿಸುತ್ತದೆ. ಡಿಶ್ ಸರಿದಿದೆ ಎಂದುಕೊಂಡು ಅದನ್ನು ತಿರುಗಿಸಿ ಹಾಳುಮಾಡಿಕೊಳ್ಳುವವರು ಬಹಳ.

ಡೈಪ್ಲೆಕ್ಸರ್ ಇದಕ್ಕೆಂದೇ ಮಾಡಿದ ಪುಟ್ಟ ಡಬ್ಬಿ. ಒಂದು ಬಾಯಿ 862 ಮೆಗಾಹರ್ಟ್ಸ್‌ವರೆಗೆ ಆಂಟೆನಾಕ್ಕೆ, ಇನ್ನೊಂದು 950ರಿಂದ ಮೇಲೆ ಡಿಶ್‌ಗೆ, ಮೂರನೆಯದು ಒಟ್ಟಾದ ಕೇಬಲಿಗೆ. ಡಿಸಿ ಹೋಗಬೇಕಾದ್ದು ಡಿಶ್ ಬಾಯಿಗೆ ಮಾತ್ರ. ಕೊಳ್ಳುವಾಗ ಇದನ್ನು ಡಬ್ಬಿಯ ಮೇಲೆ ಓದಿಕೊಳ್ಳಿ. ಮೇಲೊಂದು, ಕೆಳಗೊಂದು ಬೇಕು, ಒಂದೊಂದಕ್ಕೂ 1–2 ಡೆಸಿಬೆಲ್ ನಷ್ಟ. ದಪ್ಪನೆಯ ಆರ್‌ಜಿ-6 ಕೇಬಲಿನಲ್ಲಿ 20 ಮೀಟರಿಗೆ 950ರ ಬಳಿ ಸುಮಾರು 4, 2150ರ ಬಳಿ ಸುಮಾರು 6 ಡೆಸಿಬೆಲ್ ಹೋಗುತ್ತದೆ. ಮನೆಯ ಅಳತೆಗೆ ಈ ಒಟ್ಟು ನಷ್ಟವನ್ನು ಎಲ್‌ಎನ್‌ಬಿ ಸುಲಭವಾಗಿ ತಾಳುತ್ತದೆ. ತಾಳದ್ದು ಗೋಡೆಯೊಳಗಿನ ಹಳೆಯ ತೆಳು ಆರ್‌ಜಿ-59. ಅದನ್ನು ಉಳಿಸಿಕೊಂಡು ಡೈಪ್ಲೆಕ್ಸರ್ ಹಾಕಿದರೆ ಬಿಸಿಲಿದ್ದಾಗ ಚಿತ್ರ ಚೆನ್ನಾಗಿ ಬಂದು, ಆಟಿಯ ಮಳೆಗೆ ಚೌಕ ಚೌಕವಾಗಿ ಒಡೆಯುತ್ತದೆ. ಹಳೆಯ ಕೇಬಲಿನ ತುದಿಗೇ ಹೊಸದನ್ನು ಕಟ್ಟಿ ಪೈಪಿನಲ್ಲಿ ಎಳೆದುಕೊಳ್ಳಿ.

ಬೇರೆ ಬೇರೆ ಕೇಬಲ್ ಎಳೆದರೆ ಹೊರಗಿರುವ ಕನೆಕ್ಟರ್ ಎರಡೇ: ಎಲ್‌ಎನ್‌ಬಿಯದ್ದೊಂದು, ಆಂಟೆನಾದ್ದೊಂದು. ಡೈಪ್ಲೆಕ್ಸರನ್ನು ಕಂಬಕ್ಕೆ ಕಟ್ಟಿದರೆ ಐದಾಗುತ್ತವೆ. ಹೆಚ್ಚುವರಿ ಮೂರರಲ್ಲಿ ಯಾವುದರೊಳಗೆ ನೀರು ಹೊಕ್ಕರೂ ಅದು ಕೇಬಲಿನೊಳಗಿನ ತಂತಿಜಾಲರಿಯ ಗುಂಟ ಇಳಿದು ಬಾಕ್ಸ್‌ವರೆಗೆ ತಲುಪಬಹುದು. ಕೇಬಲ್ ಸುಲಿದಾಗ ಜಾಲರಿ ಕಪ್ಪಾಗಿದ್ದರೆ ನೀರು ಇಳಿದಿದೆ ಎಂದೇ ತಿಳಿಯಿರಿ. ಅಷ್ಟು ಉದ್ದವನ್ನು ಕತ್ತರಿಸದೆ ಬೇರೆ ದಾರಿಯಿಲ್ಲ.

ಹಾಗಾಗಿ ಪೈಪಿನಲ್ಲಿ ಜಾಗವಿದ್ದರೆ ಎರಡು ಕೇಬಲ್, ಅದರಲ್ಲಿ ಎರಡು ಮಾತಿಲ್ಲ. ಜಾಗವಿಲ್ಲದಿದ್ದರೆ ಡೈಪ್ಲೆಕ್ಸರ್, ಆದರೆ ಕಂಬದಲ್ಲಿ ಬೇಡ. ಹಂಚಿನ ಮನೆಯಾದರೆ ಎರಡೂ ಕೇಬಲನ್ನು ಮಾಡಿನ ಅಡಿಗೆ ತಂದು ಅಟ್ಟದ ಮೇಲೆ ಒಣ ಜಾಗದಲ್ಲಿ ಕೂಡಿಸಿ. ತಾರಸಿಯಾದರೆ ಮೆಟ್ಟಿಲ ಕೋಣೆಯೊಳಗೆ. ಹೀಗೆ ಮಾಡಿದರೆ ಹೊರಗಿನ ಲೆಕ್ಕ ಮತ್ತೆ ಎರಡಕ್ಕೇ ಇಳಿಯುತ್ತದೆ. ತಿರುಗಿಸಿ ಕೂರಿಸುವ ಕನೆಕ್ಟರ್ ಬೇಡ, ಉಪಕರಣದಿಂದ ಒತ್ತಿ ಕೂರಿಸುವ ಎಫ್ ಕನೆಕ್ಟರ್ ಹಾಕಿ. ನಡುತಂತಿ ಅಂಚಿನಿಂದ 2–3 ಮಿ.ಮೀ. ಹೊರಗಿರಲಿ, ಜಾಲರಿಯ ಒಂದೆಳೆಯೂ ಅದಕ್ಕೆ ತಾಗಬಾರದು. ಮೇಲೆ ಸುತ್ತಲು ಎಳೆದಂತೆ ತನಗೆ ತಾನೇ ಬೆಸೆದುಕೊಳ್ಳುವ ರಬ್ಬರ್ ಟೇಪ್ ಬೇಕು. ವಯರಿಂಗಿನ ಕಪ್ಪು ಟೇಪ್ ಒಂದು ಮಳೆಗಾಲ ಬಾಳಿದರೆ ಹೆಚ್ಚು. ಕೇಬಲ್ ಗೋಡೆ ಹೊಗುವ ಮುಂಚೆ ಒಂದು ಗೇಣು ಕೆಳಕ್ಕೆ ಜೋತುಬಿಡಿ, ನೀರು ಅಲ್ಲೇ ತೊಟ್ಟಿಕ್ಕಿ ಹೋಗುತ್ತದೆ.

ಫ್ರೀ ಡಿಶ್ ಜೊತೆಗೆ ಖಾಸಗಿ ಡಿಟಿಎಚ್ ಕೂಡ ಇರುವ ಮನೆಯವರು ಇದೇ ಡೈಪ್ಲೆಕ್ಸರಿನಿಂದ ಎರಡು ಡಿಶ್ ಕೂಡಿಸಲು ಹೊರಡುತ್ತಾರೆ. ಆಗುವುದಿಲ್ಲ. ಎರಡೂ ಡಿಶ್‌ಗಳ ಸಿಗ್ನಲ್ ಒಂದೇ 950–2150ರಲ್ಲಿ ಬಂದು ಒಂದರ ಮೇಲೊಂದು ಬೀಳುತ್ತವೆ. ಡೈಸೆಕ್ ಸ್ವಿಚ್ ಒಂದು ಸಲಕ್ಕೆ ಒಂದೇ ಡಿಶ್ಶನ್ನು ಜೋಡಿಸುತ್ತದೆ, ಅದೂ ಬಾಕ್ಸ್ ಹೇಳಿದ್ದನ್ನು. ಉಚಿತ ಚಾನೆಲ್ ಬಾಕ್ಸ್ ಒಂದರಿಂದ ಎರಡು ಉಪಗ್ರಹ ನೋಡುವವರಿಗೆ ಅದು ಸರಿ. ಎರಡು ಬಾಕ್ಸ್ ಇದ್ದರೆ ಎರಡು ಕೇಬಲ್ ಎಳೆಯಲೇಬೇಕು.

ಡಿಶ್ ಜಾಗ ಆರಿಸುವಾಗ ತೆಂಗಿನ ಮರ ನೋಡಿಕೊಳ್ಳಿ. ಫ್ರೀ ಡಿಶ್‌ನ ಉಪಗ್ರಹ 93.5 ಡಿಗ್ರಿ ಪೂರ್ವದಲ್ಲಿದೆ. ಮಂಗಳೂರಿನಿಂದ ಅದು ಉತ್ತರದಿಂದ ಸುಮಾರು 123 ಡಿಗ್ರಿ, ಎಂದರೆ ಆಗ್ನೇಯಕ್ಕಿಂತ ತುಸು ಪೂರ್ವಕ್ಕೆ, 63–64 ಡಿಗ್ರಿ ಎತ್ತರದಲ್ಲಿ ಸಿಗುತ್ತದೆ. ಉಡುಪಿಗೂ ಹೆಚ್ಚುಕಡಿಮೆ ಇದೇ ಲೆಕ್ಕ. ಆ ದಿಕ್ಕಿನ ಮರ ಡಿಶ್‌ಗಿಂತ 10 ಮೀಟರ್ ಎತ್ತರವಿದ್ದರೆ ಅದರ ಮಡಲಿನ ತುದಿಯೂ ಕನಿಷ್ಠ 5 ಮೀಟರ್ ದೂರವಿರಬೇಕು. ಒದ್ದೆ ಮಡಲು ಅಡ್ಡ ಬಂದರೆ ಯಾವ ಕೇಬಲ್ ಹಾಕಿದರೂ ಚಿತ್ರ ನಿಲ್ಲದು. ಎಲ್‌ಎನ್‌ಬಿಯನ್ನು ಅದರ ಹಿಡಿಯಲ್ಲೇ ತುಸು ತುಸು ತಿರುಗಿಸುತ್ತ ಬಾಕ್ಸಿನಲ್ಲಿ ಸ್ಟ್ರೆಂತ್ ಅಲ್ಲ, ಕ್ವಾಲಿಟಿ ಏರುವುದನ್ನು ನೋಡಿ. ನಮ್ಮ ಅಕ್ಷಾಂಶದಲ್ಲಿ ಈ ಓರೆ 54 ಡಿಗ್ರಿಯಷ್ಟು ಬರುತ್ತದೆ, ನೆಟ್ಟಗೆ ಕೂರಿಸಿ ಬಿಟ್ಟರೆ ಕ್ವಾಲಿಟಿ ಸಿಗದು.

ಕಂಬಕ್ಕೆ ಅರ್ತಿಂಗ್ ತಪ್ಪಿಸಬೇಡಿ. ಮಳೆಗಾಲಕ್ಕೆ ಮುಂಚಿನ ಗುಡುಗು ಸಿಡಿಲಿನ ದಿನಗಳಲ್ಲಿ ಅರ್ತಿಂಗ್ ಇದ್ದರೂ ಬಾಕ್ಸಿನ ಹಿಂದಿನ ಕೇಬಲನ್ನು ಕಳಚಿಡಿ. ಆದರೆ ಅದನ್ನು ಮೋಡ ಕಟ್ಟುವ ಮೊದಲೇ ಮಾಡಿ, ಸಿಡಿಲು ಬಡಿಯತೊಡಗಿದ ಮೇಲೆ ಕೇಬಲ್ ಮುಟ್ಟಬೇಡಿ.