ಪಾರ್ತಾಗಾಸ್ ಸೆರಿಯೆ ಡಿ ನಂಬರ್ 4: ಕಲಬುರಗಿಯ ಒಣ ಹವೆಯಲ್ಲಿ ಒಂದು ಕ್ಯೂಬನ್ ಸಿಗಾರ್

ಕ್ಯೂಬಾದ ಸಿಗಾರ್ ಅಂದ ಕೂಡಲೇ ಎಲ್ಲರೂ ಕೊಹೀಬಾ ಹೆಸರು ಹೇಳುತ್ತಾರೆ. ನನ್ನ ಮೆಚ್ಚಿನದು ಪಾರ್ತಾಗಾಸ್. ಅದರಲ್ಲೂ ಸೆರಿಯೆ ಡಿ ನಂಬರ್ 4. ಕೆಂಪು ಬಂಗಾರ ಬಣ್ಣದ ಪಟ್ಟಿ, 124 ಮಿಲಿಮೀಟರ್ ಉದ್ದ, ಹೆಚ್ಚುಕಡಿಮೆ 20 ಮಿಲಿಮೀಟರ್ ದಪ್ಪ. ಈ ಅಳತೆಗೆ ರೋಬುಸ್ತೊ ಅನ್ನುತ್ತಾರೆ. ಹೈಮೆ ಪಾರ್ತಾಗಾಸ್ ಹವಾನಾದಲ್ಲಿ 1845ರಲ್ಲಿ ಶುರು ಮಾಡಿದ ಬ್ರ್ಯಾಂಡ್ ಇದು. ಮಣ್ಣಿನ ವಾಸನೆ, ಕಾಳುಮೆಣಸಿನ ಖಾರ ಇದರ ಗುಣ. ಜೋಳದ ರೊಟ್ಟಿಗೆ ಕೆಂಪು ಖಾರ ಹಚ್ಚಿ ತಿನ್ನುವ ನಮ್ಮ ಕಡೆಯ ನಾಲಿಗೆಗೆ ಇದು ಚೆನ್ನಾಗಿ ಕೂಡುತ್ತದೆ.

ಆದರೆ ಕಲಬುರಗಿಯಲ್ಲಿ ಸಿಗಾರ್‌ನ ಅರ್ಧ ರುಚಿ ಅದನ್ನು ಇಟ್ಟ ರೀತಿಯಲ್ಲೇ ಇರುತ್ತದೆ. ಎಲೆಯ ಸುತ್ತಲಿನ ಗಾಳಿಯಲ್ಲಿ 65ರಿಂದ 70 ಶೇಕಡಾ ತೇವ ಬೇಕು. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಗಾಳಿ ಪೂರ್ತಿ ಒಣಗಿರುತ್ತದೆ. ಟೇಬಲ್ ಮೇಲೆ ಸುಮ್ನೆ ಬಿಟ್ಟ ಸಿಗಾರ್ ಕೆಲವೇ ದಿನಗಳಲ್ಲಿ ಸೀಳುತ್ತದೆ. ಹೊಗೆ ಬಿಸಿಯಾಗಿ, ಕಹಿಯಾಗಿ ಬರುತ್ತದೆ. ಫ್ರಿಜ್‌ನಲ್ಲಿ ಇಡಿ ಅಂತ ಹೇಳುವವರಿದ್ದಾರೆ. ದಯವಿಟ್ಟು ಇಡಬೇಡಿ, ಅದು ಇನ್ನೂ ಒಣಗಿಸುತ್ತದೆ. ಹ್ಯೂಮಿಡಾರ್ ಅನ್ನುವ, ತೇವ ಕಾಯುವ ದುಬಾರಿ ಪೆಟ್ಟಿಗೆ ಕೂಡ ಬೇಕಿಲ್ಲ. ನಾನು ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ತೇವವನ್ನು 65 ಶೇಕಡಾದಲ್ಲಿ ಕಾಯುವ ಪ್ಯಾಕೆಟ್ ಹಾಕಿ, ತೇವ ಅಳೆಯುವ ಸಣ್ಣ ಮೀಟರ್ ಒಂದನ್ನು ಒಳಗಿಟ್ಟು, ಮನೆಯ ಒಳಕೋಣೆಯಲ್ಲಿ ಶಹಾಬಾದ್ ಕಲ್ಲಿನ ನೆಲದ ಮೇಲೆ ಇಡುತ್ತೇನೆ. ಬೇಸಿಗೆಯಲ್ಲಿ ಆ ಕೋಣೆಗೆ ಕೂಲರ್ ಸಾಲುವುದಿಲ್ಲ, ಎಸಿ ಬೇಕು. ಸೆಕೆ ಜಾಸ್ತಿಯಾದರೆ ತಂಬಾಕಿನ ಹುಳುವಿನ ಮೊಟ್ಟೆ ಒಡೆದು ಡಬ್ಬಿಯ ಸಿಗಾರ್‌ಗಳೆಲ್ಲ ತೂತಾಗುತ್ತವೆ.

ಈ ಸಿಗಾರ್ ದುಬೈಯಲ್ಲಿ ಕೆಲಸ ಮಾಡುವ ತಮ್ಮ ತಂದ 25ರ ಪೆಟ್ಟಿಗೆಯದು. ಪೆಟ್ಟಿಗೆಯ ಮೇಲೆ ಕ್ಯೂಬಾ ಸರ್ಕಾರದ ಹಸಿರು ಮುದ್ರೆ ಇತ್ತು. ತಳದಲ್ಲಿ 'ಎಚೊ ಎನ್ ಕೂಬಾ' (ಕ್ಯೂಬಾದಲ್ಲಿ ಮಾಡಿದ್ದು) ಅಂತ ಸುಟ್ಟು ಒತ್ತಿದ ಅಕ್ಷರ, ಪಕ್ಕದಲ್ಲಿ ಕಾರ್ಖಾನೆ ಗುರುತು ಮತ್ತು ತಿಂಗಳು. ಮುಚ್ಚಳ ತೆಗೆದರೆ ಎಲ್ಲ ಸಿಗಾರ್‌ಗಳ ಬಣ್ಣ ಒಂದೇ ಹದದಲ್ಲಿತ್ತು. ಬಣ್ಣ ನೋಡಿ ಸಾಲು ಜೋಡಿಸುವುದಕ್ಕೇ ಅಲ್ಲಿ ಬೇರೆ ಕೆಲಸಗಾರರಿದ್ದಾರೆ. ಗಾಜಿನ ಮುಚ್ಚಳದ ಕೊಹೀಬಾ ಪೆಟ್ಟಿಗೆ ಯಾರಾದರೂ ತೋರಿಸಿದರೆ ಕೈ ಮುಗಿದು ಹೊರಟುಬಿಡಿ. ಅದು ನಕಲಿ.

ಡಿಸೆಂಬರ್ ಸಂಜೆ, ಊಟವಾದ ಮೇಲೆ, ಮಾಳಿಗೆ ಮೇಲೆ ಕುಳಿತು ಸೇದಿದೆ. ಹಸಿದ ಹೊಟ್ಟೆಗೆ ಇದು ಬೇಡವೇ ಬೇಡ. ತುದಿ ಕತ್ತರಿಸಿ, ಹಚ್ಚುವ ಮುಂಚೆ ಒಮ್ಮೆ ಎಳೆದೆ. ಒಣ ಅಂಜೂರದ ಸಿಹಿ, ಸ್ವಲ್ಪ ಒಣಹುಲ್ಲು. ಗಾಳಿ ಸಲೀಸಾಗಿ ಬಂತು, ಒಂಚೂರು ಬಿಗಿ ಅಷ್ಟೇ. ಪೆಟ್ರೋಲ್ ಲೈಟರ್ ಬೇಡ, ಅದರ ವಾಸನೆ ಎಲೆಗೆ ಹತ್ತುತ್ತದೆ. ಉದ್ದ ಕಡ್ಡಿಯಿಂದ ಅಂಚನ್ನು ನಿಧಾನವಾಗಿ ಸುಟ್ಟೆ.

ಮೊದಲ ಭಾಗ ಮೆಣಸು. ತುಟಿ, ಮೂಗು ಎರಡಕ್ಕೂ ಚುರುಕು ಮುಟ್ಟುತ್ತದೆ. ಅದರ ಹಿಂದೆ ಚರ್ಮದ ವಾಸನೆ, ಹಸಿ ಮಣ್ಣು. ಇಲ್ಲಿಗೇ ತೀರ್ಪು ಕೊಟ್ಟುಬಿಟ್ಟರೆ ತಪ್ಪು, ಯಾಕೆಂದರೆ ಇದರ ಸೊಗಸೆಲ್ಲ ನಡುವೆ ಇದೆ. ಖಾರ ಹಿಂದೆ ಸರಿಯುತ್ತದೆ. ಹೊಗೆ ಬಾಣಲೆಯಲ್ಲಿ ಶೇಂಗಾ ಹುರಿದಂತೆ ಘಮ್ಮೆನ್ನುತ್ತದೆ. ಕಾಫಿಯ ಕಹಿ, ಕೋಕೋ, ಕೊನೆಗೆ ಒಂದು ಎಳೆ ಸಿಹಿ. ನಾನು ಬೆಲ್ಲದ ಕರಿ ಚಾ ಜೊತೆ ಸೇದಿದೆ. ಹಾಲಿನ ಚಾ ಆಗಿದ್ದರೆ ಆ ಕೋಕೋ ಸಿಗುತ್ತಿರಲಿಲ್ಲ.

ಇದರೊಳಗೆ ಮೆಣಸು, ಚಾಕೊಲೇಟ್ ಏನಾದರೂ ಹಾಕಿರುತ್ತಾರಾ ಅಂತ ಗೆಳೆಯರು ಕೇಳುತ್ತಾರೆ. ಏನೂ ಹಾಕಿರುವುದಿಲ್ಲ. ಎಲ್ಲ ತಂಬಾಕಿನ ಎಲೆಯದೇ. ಗಿಡದ ಕೆಳಗಿನ ಎಲೆ ವೊಲಾದೊ ಚೆನ್ನಾಗಿ ಉರಿಯುತ್ತದೆ, ನಡುವಿನ ಸೆಕೊ ಪರಿಮಳ ಕೊಡುತ್ತದೆ, ಮೇಲಿನ ಲಿಗೆರೊ ಬಲ ಕೊಡುತ್ತದೆ. ಆ ಎಲೆ ಬೆಳೆಯುವ ವುವೆಲ್ಟಾ ಅಬಾಹೊ ಅನ್ನುವ ಪ್ರದೇಶ ಕ್ಯೂಬಾದ ಪಿನಾರ್ ಡೆಲ್ ರಿಯೊ ಪ್ರಾಂತ್ಯದಲ್ಲಿದೆ, ಅಲ್ಲಿಯ ಮಣ್ಣು ಕೆಂಪು. ರೈತ ಬೆಳೆದ ಎಲೆಯನ್ನು ಒಣಗಿಸಿ, ರಾಶಿ ಹಾಕಿ ಹುದುಗಿಸಿ, ಕೈಯಲ್ಲಿ ಸುತ್ತಿ ಮಾಡಿದ ರುಚಿ ಇದು. ಇಷ್ಟು ಕೈಗಳ ಕೆಲಸ ಒಂದು ಗಂಟೆಯಲ್ಲಿ ಉರಿದು ಹೋಗುತ್ತದೆ. ಹಾಗಾಗಿ ಅವಸರ ಮಾಡಬೇಡಿ. ನಿಮಿಷಕ್ಕೊಂದು ಸಲ ಎಳೆದರೆ ಸಾಕು.

ಕೊನೆಯ ಭಾಗ ನನಗೆ ಅಷ್ಟು ಹಿಡಿಸಲಿಲ್ಲ. ಲಿಗೆರೊ ಮೇಲುಗೈ ಮಾಡಿ ಹೊಗೆ ಒರಟಾಯಿತು. ಉರಿ ಒಂದು ಕಡೆ ವಾಲಿತ್ತು, ಮತ್ತೆ ಬೆಂಕಿ ಮುಟ್ಟಿಸಬೇಕಾಯಿತು. ಬೂದಿ ಮಾತ್ರ ಕೊನೆತನಕ ಗಟ್ಟಿಯಾಗಿ ನಿಂತಿತು. ಎರಡು ಬೆರಳಷ್ಟು ಉಳಿದಾಗ ಬಿಟ್ಟೆ.

ಹೊಗೆಯನ್ನು ಎದೆಗೆ ಎಳೆಯಬಾರದು, ಬಾಯಲ್ಲೇ ಆಡಿಸಿ ಬಿಡಬೇಕು. ಹಾಗಂತ ಅಪಾಯ ಇಲ್ಲ ಅಂತಲ್ಲ. ಬಾಯಿ, ಗಂಟಲಿನ ಕ್ಯಾನ್ಸರ್ ಸಿಗಾರ್‌ನಿಂದಲೂ ಬರುತ್ತದೆ. ನನಗಿದು ಅಪರೂಪದ ಹಬ್ಬ, ದಿನದ ಅಭ್ಯಾಸ ಅಲ್ಲ. ತಂಬಾಕು ಮುಟ್ಟದವರು ಈ ರುಚಿಗಾಗಿ ಶುರು ಮಾಡುವುದು ಬೇಡ.

ಬೆಲೆ? ಒಂದಕ್ಕೇ ಸಾವಿರಗಳ ಲೆಕ್ಕ. ನಡುಭಾಗದ ಆ ಇಪ್ಪತ್ತು ನಿಮಿಷಕ್ಕೆ ನಾನು ಕೊಡುತ್ತೇನೆ, ಆದರೆ ಸರಿಯಾಗಿ ಇಟ್ಟ ಸಿಗಾರ್‌ಗೆ ಮಾತ್ರ. ಅಂಗಡಿಯಲ್ಲಿ ಮೆಲ್ಲಗೆ ಒತ್ತಿ ನೋಡಿ. ಚರಚರ ಸದ್ದು ಬಂದರೆ ವಾಪಸ್ ಇಡಿ. ಸಿಗಾರ್ ಸೇದುವವರೇ ಆಗಿದ್ದು ಇಷ್ಟು ಖಾರ ಬೇಡ ಅನ್ನುವವರು ಒಯೊ ಡೆ ಮೊಂತೆರೆಯ್ ಎಪಿಕ್ಯೂರ್ ನಂಬರ್ 2 ಕೇಳಿ. ಅಳತೆ ಇದೇ, ರುಚಿ ಇದಕ್ಕಿಂತ ಮೆದು.