ಫ್ಯೂಯಲ್ ಪಂಪಿಗೆ ‘ಡೈರೆಕ್ಟ್’ ವೈರ್ ಕೊಟ್ಟಿದ್ದಾರೆಯೇ? ಹಳೆಯ ಕಾರು ಇರುವವರು ಇಂದೇ ನೋಡಿಕೊಳ್ಳಿ

ಹಳೆಯ ಎಂಪಿಎಫ್‌ಐ (ಪ್ರತಿ ಸಿಲಿಂಡರಿಗೂ ಬೇರೆಬೇರೆಯಾಗಿ ಪೆಟ್ರೋಲ್ ಚಿಮ್ಮಿಸುವ) ಪೆಟ್ರೋಲ್ ಕಾರು ಇಟ್ಟುಕೊಂಡವರು, ಅದರಲ್ಲೂ ಸೆಕೆಂಡ್ ಹ್ಯಾಂಡ್ ಕೊಂಡವರು, ದಯವಿಟ್ಟು ಪೂರ್ತಿ ಓದಿ.

ಈ ಮಳೆಗಾಲದಲ್ಲಿ ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೊರಟಿದ್ದೆವು. ಮಂಡಗದ್ದೆ ದಾಟಿದ ಮೇಲೆ ಹಿಂದೆ ಕುಳಿತಿದ್ದ ಅಮ್ಮ, “ಏನೋ ಸುಟ್ಟ ವಾಸನೆ ಬರುತ್ತಿದೆಯಲ್ಲೋ” ಎಂದರು. ಬದಿಗೆ ನಿಲ್ಲಿಸುವಷ್ಟರಲ್ಲಿ ಎಂಜಿನ್ ತಾನಾಗಿಯೇ ಆಫ್ ಆಯಿತು. ಕೀ ಇನ್ನೂ ಆನ್ ಇತ್ತು. ಹಿಂದಿನ ಸೀಟಿನಡಿ, ಟ್ಯಾಂಕಿನಿಂದ ಎಂಜಿನ್ನಿಗೆ ಪೆಟ್ರೋಲ್ ದೂಡುವ ಫ್ಯೂಯಲ್ ಪಂಪ್ ಗುಂಯ್ ಎನ್ನುತ್ತಲೇ ಇತ್ತು. ಕೀ ತೆಗೆದು, ಎಲ್ಲರನ್ನೂ ಇಳಿಸಿ ದೂರ ನಿಲ್ಲಿಸಿದೆ.

ಆಟೋ ಎಲೆಕ್ಟ್ರಿಷಿಯನ್ ಮ್ಯಾಟ್ ಎತ್ತಿದಾಗ ಕಂಡದ್ದು ಸ್ಪೀಕರಿಗೆ ಹಾಕುವಂಥ ತೆಳು ವೈರ್. ಇಗ್ನಿಷನ್ ಲೈನಿನಿಂದ, ಅಂದರೆ ಕೀ ಆನ್ ಮಾಡಿದಾಗ ಕರೆಂಟ್ ಬರುವ ವೈರಿನಿಂದ, ನೇರವಾಗಿ ಪಂಪಿಗೆ. ಮಧ್ಯೆ ಫ್ಯೂಸ್ ಇಲ್ಲ, ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್ಚು) ಇಲ್ಲ. ಬರಿಗೈಯಲ್ಲಿ ಹೊಸೆದು ಟೇಪು ಸುತ್ತಿದ ಜಾಯಿಂಟು ಒದ್ದೆ ಮ್ಯಾಟಿನಡಿ ಕಿಲುಬು ಹಿಡಿದು, ಕಾದು, ಪ್ಲಾಸ್ಟಿಕ್ ಕಂದಾಗಿ ಕರಗಿತ್ತು. ತಗಡಿನ ತೂತಿನಲ್ಲಿ ರಬ್ಬರ್ ಬುಷ್ ಕೂಡ ಹಾಕದೆ ತೂರಿಸಿದ್ದರಿಂದ ವೈರಿನ ಮೈ ಸವೆದು ತಾಮ್ರ ಇಣುಕುತ್ತಿತ್ತು. ಪೆಟ್ರೋಲ್ ಟ್ಯಾಂಕಿನ ಪಕ್ಕದಲ್ಲಿ! ಮಾರಿದವರು “ಸ್ಟಾರ್ಟಿಂಗ್ ತೊಂದರೆ ಇತ್ತು, ಸರಿ ಮಾಡಿಸಿದ್ದೇನೆ” ಎಂದದ್ದು ಇದನ್ನೇ. ಇಂಥ ಕೆಲಸವನ್ನು ರಿಪೇರಿ ಎನ್ನಲು ನನಗೆ ಬಾಯಿ ಬರುವುದಿಲ್ಲ.

ವೈರಿಂಗ್ ಸರಿಯಿದ್ದರೆ, ಎಂಜಿನ್ ನಿಂತ ಕೂಡಲೇ ಕಾರಿನ ಕಂಪ್ಯೂಟರ್ ರಿಲೇ ಮೂಲಕ ಪಂಪನ್ನು ನಿಲ್ಲಿಸುತ್ತದೆ. ಅಪಘಾತದಲ್ಲಿ ಪೈಪ್ ಒಡೆದರೆ ಜೀವ ಉಳಿಸುವುದು ಈ ಏರ್ಪಾಡೇ. ಡೈರೆಕ್ಟ್ ಕೊಟ್ಟ ಕಾರಿನಲ್ಲಿ ಕೀ ಆನ್ ಇರುವವರೆಗೂ ಒಡೆದ ಪೈಪಿನಿಂದ ಪೆಟ್ರೋಲ್ ಒತ್ತಡದಲ್ಲಿ ಚಿಮ್ಮುತ್ತಲೇ ಇರುತ್ತದೆ. ಅದರ ಆವಿ ಗಾಳಿಗಿಂತ ಭಾರ. ಕಾರಿನಡಿಯಲ್ಲೇ ಕೂರುತ್ತದೆ, ಒಂದು ಕಿಡಿ ಸಾಕು.

ಮೂಲ ದೋಷವೆಂದರೆ ರಿಲೇ ಸಾಕೆಟ್ಟಿನ ಪಿನ್ನುಗಳಿಗೆ ಹಿಡಿದ ಹಸಿರು ಕಿಲುಬು, ಅಷ್ಟೇ. ನಮ್ಮ ಮಲೆನಾಡಿನ ತೇವಕ್ಕೆ ಅದು ಸಹಜ. ಸಾಕೆಟ್, ರಿಲೇ ಬದಲಿಸಿ, ಮೊದಲಿದ್ದಷ್ಟೇ ದಪ್ಪದ ವೈರ್ ಎಳೆಸಿ, ಕಾರಿನ ಕೈಪಿಡಿಯಲ್ಲಿ ಹೇಳಿದಷ್ಟೇ ಆಂಪಿಯರಿನ ಫ್ಯೂಸ್ ಹಾಕಿಸಿದೆ.

ನಿಮ್ಮ ಕಾರನ್ನು ಹೀಗೆ ನೋಡಿ: ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಿ ಹಿಂದಿನ ಸೀಟಿನ ಬಳಿ ಕಿವಿಗೊಡಿ. ಪಂಪ್ ಸಾಮಾನ್ಯವಾಗಿ ಎರಡು ಮೂರು ಸೆಕೆಂಡು ಸದ್ದು ಮಾಡಿ ನಿಲ್ಲಬೇಕು. ನಿಲ್ಲದಿದ್ದರೆ ಕೀ ತೆಗೆಯಿರಿ, ಬ್ಯಾಟರಿಯ ಮೈನಸ್ ಬಿಚ್ಚಿ, ಎಲೆಕ್ಟ್ರಿಷಿಯನ್ನನ್ನು ಮನೆಗೇ ಕರೆಸಿ. ಆ ವೈರನ್ನು ನೀವೇ ಎಳೆದು ಕೀಳಲು ಹೋಗಬೇಡಿ.